ಇವಿಎಂ ಕೋಡ್ ತೆರೆದಿಟ್ಟರೆ ಸಾಕಾ?

ಪ್ರಶ್ನೆ: ಸರ್, ನಾನು ಹಾಸನದಲ್ಲಿ ಬಿಇ ಕಂಪ್ಯೂಟರ್ ಸೈನ್ಸ್ ಓದುತ್ತಿದ್ದೇನೆ. ಊರು ಸಕಲೇಶಪುರದ ಹತ್ತಿರ. ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಬಳಸುತ್ತೇನೆ. ಮತಯಂತ್ರದ (ಇವಿಎಂ) ಸೋರ್ಸ್ ಕೋಡನ್ನು, ಅಂದರೆ ಅದರ ಪ್ರೋಗ್ರಾಂ ಬರಹವನ್ನು, ಎಲ್ಲರೂ ಓದುವಂತೆ ಓಪನ್ ಸೋರ್ಸ್ ಮಾಡಿಬಿಟ್ಟರೆ ಎಲ್ಲ ಅನುಮಾನವೂ ಮುಗಿಯುತ್ತದೆ ಅನ್ನುವುದು ನನ್ನ ವಾದ. ನಮ್ಮ ದೊಡ್ಡಪ್ಪ ಒಪ್ಪುವುದಿಲ್ಲ. "ಕೋಡ್ ಓದೋಕೆ ನನಗೆ ಬರಲ್ಲ, ಬ್ಯಾಲೆಟ್ ಪೇಪರ್ ಆದ್ರೆ ಕಣ್ಣಿಗೆ ಕಾಣುತ್ತೆ" ಅಂತಾರೆ. ನನ್ನ ಗೆಳೆಯ ಇನ್ನೊಂದು ಥರ, "ಕೋಡ್ ಬಿಟ್ರೆ ಹ್ಯಾಕರ್‌ಗಳಿಗೆ ದಾರಿ ತೋರಿಸಿದ ಹಾಗೆ" ಅಂತಾನೆ. ಯಾರು ಸರಿ? ನಮ್ಮಂಥವರು ಏನಾದರೂ ಮಾಡಬಹುದಾ?

ಉತ್ತರ: ಮೂವರಲ್ಲಿ ನಿಮ್ಮ ದೊಡ್ಡಪ್ಪನ ಮಾತೇ ವಿಷಯದ ಬುಡಕ್ಕೆ ಹತ್ತಿರ ಇದೆ. ಹಾಗಂತ ನೀವು ತಪ್ಪು ಅಂತಲ್ಲ. ಕೋಡ್ ತೆರೆದಿಡಿ ಅಂತ ಕೇಳುವುದು ನ್ಯಾಯವಾದ ಬೇಡಿಕೆ, ನಾನೂ ಕೇಳುತ್ತೇನೆ. ಆದರೆ "ಎಲ್ಲ ಅನುಮಾನವೂ ಮುಗಿಯುತ್ತದೆ" ಅನ್ನುವ ಮಾತನ್ನು ಬಿಡಬೇಕು. ಯಾಕೆ ಅನ್ನುವುದಕ್ಕೆ ಯಂತ್ರದ ಒಳಗೆ ಸ್ವಲ್ಪ ಹೋಗಿ ಬರೋಣ.

ನಮ್ಮ ಇವಿಎಂ ಅನ್ನು ತಯಾರಿಸುವುದು ಎರಡು ಸರ್ಕಾರಿ ಕಂಪನಿಗಳು. ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್. ಮೊದಲ ಬಾರಿ ಬಳಸಿದ್ದು 1982ರಲ್ಲಿ, ಕೇರಳದ ಪರವೂರು ಕ್ಷೇತ್ರದ ಕೆಲವು ಮತಗಟ್ಟೆಗಳಲ್ಲಿ. ಆಗ ಕಾನೂನಿನಲ್ಲಿ ಯಂತ್ರಕ್ಕೆ ಜಾಗವೇ ಇರಲಿಲ್ಲ ಅಂತ ಸುಪ್ರೀಂ ಕೋರ್ಟ್ ಆ ಮತದಾನವನ್ನು ಒಪ್ಪಲಿಲ್ಲ. ಆಮೇಲೆ ಕಾಯ್ದೆ ತಿದ್ದುಪಡಿ ಆಯಿತು. 2004ರ ಲೋಕಸಭಾ ಚುನಾವಣೆ ಹೊತ್ತಿಗೆ ದೇಶದ ಎಲ್ಲ ಕ್ಷೇತ್ರಗಳಿಗೂ ಯಂತ್ರ ಬಂತು.

ಇದರಲ್ಲಿ ಈಗ ಮೂರು ಭಾಗ ಇವೆ. ನಾವು ಗುಂಡಿ ಒತ್ತುವುದು ಬ್ಯಾಲೆಟಿಂಗ್ ಯೂನಿಟ್. ಮತಗಟ್ಟೆ ಅಧಿಕಾರಿಯ ಮುಂದಿರುವುದು ಕಂಟ್ರೋಲ್ ಯೂನಿಟ್, ಮತದ ಲೆಕ್ಕ ಕೂತಿರುವುದು ಅದರಲ್ಲಿ. ಚೀಟಿ ಮುದ್ರಿಸುವ ಪೆಟ್ಟಿಗೆ ವಿವಿಪ್ಯಾಟ್. ಯಾವುದಕ್ಕೂ ಇಂಟರ್‌ನೆಟ್ ಇಲ್ಲ, ವೈಫೈ ಇಲ್ಲ, ಬ್ಲೂಟೂತ್ ಇಲ್ಲ. ಎಲ್ಲೋ ಕೂತು ಮೊಬೈಲ್‌ನಲ್ಲಿ ಮತ ತಿರುಗಿಸಿದರು ಅನ್ನುವ ವಾಟ್ಸಾಪ್ ವಿಡಿಯೋಗಳನ್ನು ದಯವಿಟ್ಟು ಮುಂದಕ್ಕೆ ಕಳಿಸಬೇಡಿ, ಅವು ನಿಜವಾದ ಪ್ರಶ್ನೆಗಳನ್ನೂ ಮಂಕು ಮಾಡುತ್ತವೆ. ಕಂಟ್ರೋಲ್ ಯೂನಿಟ್‌ಗೆ ಅಭ್ಯರ್ಥಿ ಯಾರು, ಪಕ್ಷ ಯಾವುದು ಅನ್ನುವುದೂ ಗೊತ್ತಿರುವುದಿಲ್ಲ. ಮೂರನೇ ಗುಂಡಿ ಒತ್ತಿದರು, ಮೂರಕ್ಕೆ ಒಂದು ಸೇರಿಸು, ಅಷ್ಟೇ. ಯಾವ ಯಂತ್ರ ಯಾವ ಬೂತಿಗೆ ಅನ್ನುವುದನ್ನು ಎರಡು ಹಂತದಲ್ಲಿ ಕಲಸಿ ಹಂಚುತ್ತಾರೆ. ಇವೆಲ್ಲ ಒಳ್ಳೆಯ ವಿನ್ಯಾಸದ ಗುಣಗಳು. ಯಂತ್ರವನ್ನು ಟೀಕಿಸುವವರೂ ಇದನ್ನು ಒಪ್ಪಬೇಕು.

ಹೆಸರು, ಚಿಹ್ನೆ ಗೊತ್ತಿರಬೇಕಾದದ್ದು ವಿವಿಪ್ಯಾಟ್‌ಗೆ, ಯಾಕೆಂದರೆ ಅದು ಚೀಟಿಯಲ್ಲಿ ಅದನ್ನು ಮುದ್ರಿಸಬೇಕು. ಹಾಗಾಗಿ ಅಭ್ಯರ್ಥಿಗಳ ಪಟ್ಟಿ ಅಂತಿಮ ಆದಮೇಲೆ ಸಿಂಬಲ್ ಲೋಡಿಂಗ್ ಯೂನಿಟ್ ಅನ್ನುವ ಸಣ್ಣ ಸಾಧನದಿಂದ ಚಿಹ್ನೆಗಳನ್ನು ಅದಕ್ಕೆ ತುಂಬುತ್ತಾರೆ. ಯಂತ್ರದ ಹೊರಗಿನಿಂದ ಒಳಗೆ ಮಾಹಿತಿ ಹೋಗುವ ಈ ಒಂದು ಜಾಗದ ಮೇಲೆ ತಜ್ಞರ ಕಣ್ಣು ಜಾಸ್ತಿ ಇದೆ. 2024ರ ಏಪ್ರಿಲ್ 26ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆ ಲೋಡಿಂಗ್ ಯೂನಿಟ್‌ಗಳನ್ನೂ ಸೀಲ್ ಮಾಡಿ, ಫಲಿತಾಂಶ ಬಂದಮೇಲೆ 45 ದಿನ ಇಟ್ಟುಕೊಳ್ಳಬೇಕು ಅಂದಿದ್ದು ಅದಕ್ಕೇ.

ಈಗ ಕೋಡ್ ವಿಷಯ. ಯಂತ್ರದ ಪ್ರೋಗ್ರಾಂ ಕೂತಿರುವುದು ಒಂದೇ ಸಲ ಬರೆಯಬಹುದಾದ ಚಿಪ್‌ನಲ್ಲಿ. ಒಮ್ಮೆ ಬರೆದರೆ ಬದಲಾಯಿಸಲು ಆಗದು, ಅದು ಭದ್ರತೆಗೆ ಒಳ್ಳೆಯದು. ನಾಳೆ ಚುನಾವಣಾ ಆಯೋಗ ಆ ಪ್ರೋಗ್ರಾಂನ ಅಷ್ಟೂ ಸಾಲನ್ನು ಪ್ರಕಟಿಸಿತು ಅಂದುಕೊಳ್ಳಿ. ನೀವು, ನಿಮ್ಮ ಕ್ಲಾಸಿನವರು ಎಲ್ಲ ಸೇರಿ ಓದಿದಿರಿ. ಒಂದೂ ತಪ್ಪು ಸಿಗಲಿಲ್ಲ. ಸರಿ, ಮತದಾನದ ದಿನ ನಿಮ್ಮೂರ ಶಾಲೆಯ ಬೂತಿನಲ್ಲಿ ಇಟ್ಟಿರುವ ಯಂತ್ರದ ಚಿಪ್‌ನಲ್ಲಿ ಇರುವುದು ನೀವು ಓದಿದ ಕೋಡೇ ಅಂತ ನಿಮಗೆ ಹೇಗೆ ಗೊತ್ತಾಗುತ್ತದೆ? ಆ ಹೊತ್ತಿನಲ್ಲಿ ಚಿಪ್ ತೆಗೆದು ಓದಲು ಬಿಡುವುದಿಲ್ಲ, ಬಿಡಲೂಬಾರದು. ಯಂತ್ರವನ್ನೇ ಕೇಳಿದರೆ, "ನಾನು ಸರಿಯಾದ ಕೋಡ್" ಅಂತ ಹೇಳುವುದೂ ಅದೇ ಪ್ರೋಗ್ರಾಂ ಅಲ್ವಾ? ಸುಳ್ಳು ಪ್ರೋಗ್ರಾಂ ಕೂಡ ಅದನ್ನೇ ಹೇಳುತ್ತದೆ.

ಯೂನಿಕ್ಸ್ ಆಪರೇಟಿಂಗ್ ಸಿಸ್ಟಮ್ ಕಟ್ಟಿದವರಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ 1984ರಲ್ಲೇ ಪ್ರಕಟವಾದ, ಕಂಪ್ಯೂಟರ್ ಕ್ಷೇತ್ರದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿಯ ಭಾಷಣದಲ್ಲಿ, ಇದನ್ನು ಬಿಡಿಸಿ ಹೇಳಿದ್ದರು. ಸೋರ್ಸ್ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಒಳಗೇ ಒಂದು ಕಳ್ಳದಾರಿ ಇಟ್ಟರೆ, ಸೋರ್ಸ್ ಕೋಡಿನಲ್ಲಿ ಎಲ್ಲಿ ಹುಡುಕಿದರೂ ಅದು ಕಾಣದಂತೆ ಮಾಡಬಹುದು ಅಂತ ತೋರಿಸಿದರು. ನೀವೇ ಪೂರ್ತಿ ಬರೆಯದ ಕೋಡನ್ನು ಪೂರ್ತಿ ನಂಬಲು ಆಗದು ಅನ್ನುವುದು ಅವರ ಮಾತಿನ ತಾತ್ಪರ್ಯ. ಸುಮ್ನೆ ಹಳೆಯ ಕಥೆ ಅನ್ನಬೇಡಿ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಅನ್ನುವ ಸಣ್ಣ ಓಪನ್ ಸೋರ್ಸ್ ತಂತ್ರಾಂಶದಲ್ಲಿ ಸಿಕ್ಕಿದ ಕಳ್ಳದಾರಿ ಲಿನಕ್ಸ್ ಬಳಸುವ ನಿಮಗೆ ನೆನಪಿರಬೇಕು. ಅದರ ನಿರ್ವಹಣೆಗೆ ಕೈಜೋಡಿಸಿ ಎರಡು ವರ್ಷಕ್ಕೂ ಹೆಚ್ಚು ಕಾಲ ನಂಬಿಕೆ ಗಳಿಸಿದವರೇ ಅದನ್ನು ಸೇರಿಸಿದ್ದರು. ಕೋಡ್ ಎಲ್ಲರ ಮುಂದೆ ತೆರೆದೇ ಇತ್ತು. ಆದರೆ ವಿಷ ಇದ್ದದ್ದು ಪರೀಕ್ಷೆಗೆ ಅಂತ ಇಟ್ಟ ಫೈಲುಗಳಲ್ಲಿ ಮತ್ತು ಬಿಡುಗಡೆಯ ಪ್ಯಾಕೇಜಿನಲ್ಲಿ. ಆಂಡ್ರೆಸ್ ಫ್ರಾಯಿಂಡ್ ಅನ್ನುವ ಇಂಜಿನಿಯರ್, ಲಾಗಿನ್ ಆಗಲು ಅರ್ಧ ಸೆಕೆಂಡ್ ಜಾಸ್ತಿ ತಗೊಳ್ತಿದೆಯಲ್ಲ ಅಂತ ಬೆನ್ನುಹತ್ತಿ ಹೋಗಿದ್ದಕ್ಕೆ ಅದು ಬಯಲಾಯಿತು.

ಹಾಗಾದರೆ ಕೋಡ್ ತೆರೆದಿಟ್ಟು ಉಪಯೋಗವೇ ಇಲ್ಲವಾ ಅಂದರೆ, ಖಂಡಿತ ಇದೆ. ಆಸ್ಟ್ರೇಲಿಯಾದ ಕ್ಯಾನ್‌ಬೆರಾ ಪ್ರದೇಶದಲ್ಲಿ 2001ರಲ್ಲಿ ಲಿನಕ್ಸ್ ಮೇಲೆ ನಡೆಯುವ ಮತದಾನ ವ್ಯವಸ್ಥೆ ತಂದು, ಕೋಡ್ ಪ್ರಕಟಿಸಿದರು. ಅಲ್ಲಿನ ವಿಶ್ವವಿದ್ಯಾಲಯದ ಸಂಶೋಧಕರು ಓದಿ ಒಂದು ತಪ್ಪು ಹಿಡಿದುಕೊಟ್ಟರು. ಸ್ವಿಟ್ಜರ್ಲೆಂಡಿನದು ಇನ್ನೂ ಗಟ್ಟಿ ಉದಾಹರಣೆ. 2019ರಲ್ಲಿ ಅಲ್ಲಿನ ಅಂಚೆ ಸಂಸ್ಥೆ ತನ್ನ ಇಂಟರ್‌ನೆಟ್ ಮತದಾನದ ಕೋಡನ್ನು ಪರೀಕ್ಷೆಗೆ ಇಟ್ಟಿತು. ಸಾರಾ ಜೇಮಿ ಲೂಯಿಸ್, ಒಲಿವಿಯರ್ ಪೆರೇರಾ, ವನೆಸ್ಸಾ ಟೀಗ್ ಮೂವರೂ ಸೇರಿ, ವ್ಯವಸ್ಥೆಯ ಒಳಗಿರುವವರು ಮತಗಳನ್ನು ಬದಲಾಯಿಸಿಯೂ "ಎಲ್ಲ ಸರಿಯಾಗಿದೆ" ಅನ್ನುವ ಗಣಿತದ ಪುರಾವೆಯನ್ನು ಹುಟ್ಟಿಸಬಹುದು ಅಂತ ತೋರಿಸಿದರು. ವ್ಯವಸ್ಥೆಯನ್ನು ನಿಲ್ಲಿಸಬೇಕಾಯಿತು. ಕೋಡ್ ಮುಚ್ಚಿಟ್ಟಿದ್ದರೆ ಆ ತಪ್ಪು ಎಷ್ಟು ಚುನಾವಣೆಗಳ ಒಳಗೆ ಕೂತಿರುತ್ತಿತ್ತೋ.

ನಿಮ್ಮ ಗೆಳೆಯನಿಗೆ ಉತ್ತರ ಇಲ್ಲೇ ಇದೆ. ಕೋಡ್ ತೋರಿಸಿದರೆ ಕಳ್ಳರಿಗೆ ದಾರಿ ಅನ್ನುವ ವಾದವನ್ನು ಭದ್ರತೆಯ ಕ್ಷೇತ್ರ ಒಪ್ಪಿಲ್ಲ. ಒಂದು ಗುಪ್ತಲಿಪಿ ವ್ಯವಸ್ಥೆ ಶತ್ರುವಿನ ಕೈಗೆ ಸಿಕ್ಕರೂ ಕೀಲಿ ಒಂದು ಗುಟ್ಟಾಗಿದ್ದರೆ ಸಾಕು, ಹಾಗೆ ಕಟ್ಟಬೇಕು ಅಂತ ಆಗಸ್ಟ್ ಕರ್ಕ್‌ಹಾಫ್ಸ್ ಬರೆದದ್ದು 1883ರಲ್ಲಿ. ಇವತ್ತು ನಿಮ್ಮ ಯುಪಿಐ ಹಣವನ್ನು ಕಾಯುವ ಎನ್‌ಕ್ರಿಪ್ಷನ್ ವಿಧಾನಗಳೆಲ್ಲ ಬಹಿರಂಗ. ಬ್ರೆಜಿಲ್ ತನ್ನ ಮತಯಂತ್ರದ ಕೋಡನ್ನು ಪಕ್ಷಗಳಿಗೆ, ವಿಶ್ವವಿದ್ಯಾಲಯಗಳಿಗೆ ನೋಡಲು ಬಿಡುತ್ತದೆ. 2009ರಿಂದ ಹೊರಗಿನವರನ್ನು ಕರೆದು "ಒಡೆದು ತೋರಿಸಿ" ಅಂತ ಸಾರ್ವಜನಿಕ ಪರೀಕ್ಷೆ ಮಾಡಿಸುತ್ತದೆ. ಎಸ್ಟೋನಿಯಾ ತನ್ನ ಸರ್ವರ್ ಕಡೆಯ ಕೋಡನ್ನು 2013ರಲ್ಲಿ ಪ್ರಕಟಿಸಿತು. ನಮ್ಮಲ್ಲಿ 2023ರ ಸೆಪ್ಟೆಂಬರ್‌ನಲ್ಲಿ ಇವಿಎಂ ಸೋರ್ಸ್ ಕೋಡಿನ ಸ್ವತಂತ್ರ ತಪಾಸಣೆ ಕೇಳಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಜನರ ದುಡ್ಡಿನಲ್ಲಿ, ಸರ್ಕಾರಿ ಕಂಪನಿಯಲ್ಲಿ, ಜನರ ಮತ ಎಣಿಸಲು ಬರೆದ ಕೋಡ್ ಅದು. ಜನರಿಂದ ಮುಚ್ಚಿಡಲು ಸರಿಯಾದ ಕಾರಣ ನನಗಂತೂ ಕಾಣುವುದಿಲ್ಲ.

ಆದರೂ ಅದು ಮೊದಲ ಬೇಡಿಕೆ ಆಗಬಾರದು. ಬೆಲ್ಜಿಯಂನ ಒಂದು ಪ್ರಸಂಗ ಹೇಳಿದರೆ ಯಾಕೆ ಅಂತ ಗೊತ್ತಾಗುತ್ತದೆ.

2003ರಲ್ಲಿ ಬ್ರಸೆಲ್ಸ್‌ನ ಸ್ಕಾರ್‌ಬೇಕ್ ಅನ್ನುವ ಕಡೆ ಮತ ಎಣಿಸುವಾಗ ಒಬ್ಬ ಅಭ್ಯರ್ಥಿಗೆ ಸಾಧ್ಯವೇ ಇಲ್ಲದಷ್ಟು ಮತ ಬಂದಿತ್ತು. ಮತ್ತೆ ಎಣಿಸಿದರು. ಮೊದಲಿಗಿಂತ ಸರಿಯಾಗಿ 4096 ಕಡಿಮೆ. 4096 ಅಂದರೆ 2ರ 12ನೇ ಘಾತ ಅಂತ ನಿಮಗೆ ಹೇಳಬೇಕಿಲ್ಲ. ಮೆಮೊರಿಯಲ್ಲಿ ಒಂದೇ ಒಂದು ಬಿಟ್ ಸೊನ್ನೆಯಿಂದ ಒಂದಕ್ಕೆ ತಿರುಗಿದ್ದರೆ ಸರಿಯಾಗಿ ಇಷ್ಟೇ ವ್ಯತ್ಯಾಸ ಬರುತ್ತದೆ. ಕೋಡ್ ಹುಡುಕಿದರು, ಅದರಲ್ಲಿ ತಪ್ಪು ಸಿಗಲಿಲ್ಲ. ಯಾರೂ ಮೋಸ ಮಾಡಿದ್ದೂ ಕಾಣಲಿಲ್ಲ. ಬಾಹ್ಯಾಕಾಶದಿಂದ ಬರುವ ಕಣವೊಂದು ತಾಗಿ ಹಾಗಾಗಿರಬಹುದು ಅನ್ನುವುದು ಒಂದು ಊಹೆ. ಅಂದರೆ ಕೋಡ್ ತೆರೆದಿರಲಿ, ಮುಚ್ಚಿರಲಿ, ಕೋಡ್ ಪೂರ್ತಿ ಸರಿಯಾಗಿಯೇ ಇರಲಿ, ಲೆಕ್ಕ ಮಾತ್ರ ತಪ್ಪಾಯಿತು. ಉಳಿಸಿದ್ದು ಯಾವುದು? ಅಲ್ಲಿ ಪ್ರತಿ ಮತದಾರರ ಮತವೂ ಒಂದೊಂದು ಮ್ಯಾಗ್ನೆಟಿಕ್ ಕಾರ್ಡಿನಲ್ಲಿ ಬೇರೆಯಾಗಿ ಉಳಿದಿತ್ತು. ಅದನ್ನು ಮತ್ತೆ ಓದಿಸಲು ಸಾಧ್ಯ ಆಯಿತು. ಮತ್ತು ಸಂಖ್ಯೆ ತುಂಬಾ ದೊಡ್ಡದಾಗಿ ಕಣ್ಣಿಗೆ ಹೊಡೆಯಿತು. ಅದೇ 12ನೇ ಬಿಟ್ ಬದಲು 6ನೇ ಬಿಟ್ ತಿರುಗಿ 64 ಮತ ಹೆಚ್ಚಾಗಿದ್ದರೆ ಯಾರು ಗಮನಿಸುತ್ತಿದ್ದರು?

ಎಂಐಟಿಯ ರಾನ್ ರಿವೆಸ್ಟ್ ಮತ್ತು ಜಾನ್ ವ್ಯಾಕ್ 2006ರಲ್ಲಿ ಇದಕ್ಕೆ ಒಂದು ಅಳತೆಗೋಲು ಕೊಟ್ಟರು. ರಿವೆಸ್ಟ್ ಅಂದರೆ ಆರ್‌ಎಸ್‌ಎ ಎನ್‌ಕ್ರಿಪ್ಷನ್‌ನ 'ಆರ್' ಅಕ್ಷರದವರು. ತಂತ್ರಾಂಶದಲ್ಲಿ ಯಾರ ಕಣ್ಣಿಗೂ ಬೀಳದ ತಪ್ಪೋ ಬದಲಾವಣೆಯೋ ಆದರೆ, ಅದರಿಂದ ಫಲಿತಾಂಶದಲ್ಲೂ ಯಾರ ಕಣ್ಣಿಗೂ ಬೀಳದ ಬದಲಾವಣೆ ಆಗಬಾರದು. ಮತದಾನದ ವ್ಯವಸ್ಥೆ ಹಾಗಿರಬೇಕು. ನನ್ನ ಪ್ರಕಾರ ಈ ಚರ್ಚೆಯಲ್ಲಿ ನೆನಪಿಡಬೇಕಾದ ಮಾತು ಇದೊಂದೇ. ಕೋಡನ್ನು ನಂಬಬೇಕಾದ ಅಗತ್ಯವೇ ಬರದ ಹಾಗೆ ವ್ಯವಸ್ಥೆ ಕಟ್ಟಿ ಅನ್ನುತ್ತದೆ ಅದು. ಮತದಾರ ಕಣ್ಣಾರೆ ನೋಡಿದ ಕಾಗದ, ಅದನ್ನು ಕೈಯಲ್ಲಿ ಎಣಿಸುವ ಅವಕಾಶ, ಇವೆರಡು ಇದ್ದರೆ ಯಂತ್ರ ತಪ್ಪಿದರೂ ಸಿಕ್ಕಿಬೀಳುತ್ತದೆ.

ನಿಮ್ಮ ದೊಡ್ಡಪ್ಪ ಹೇಳುತ್ತಿರುವುದು ಹೆಚ್ಚುಕಮ್ಮಿ ಇದನ್ನೇ. ಜರ್ಮನಿಯ ಸಂವಿಧಾನ ನ್ಯಾಯಾಲಯ 2009ರ ಮಾರ್ಚ್ 3ರಂದು ಹೇಳಿದ್ದೂ ಇದನ್ನೇ. 2005ರ ಚುನಾವಣೆಯಲ್ಲಿ ಅಲ್ಲಿ ನೆಡಾಪ್ ಕಂಪನಿಯ ಯಂತ್ರ ಬಳಸಿದ್ದರು. ಮತದಾನದ ಮುಖ್ಯ ಹಂತಗಳನ್ನು ಮತ್ತು ಫಲಿತಾಂಶವನ್ನು ವಿಶೇಷ ತಾಂತ್ರಿಕ ಜ್ಞಾನ ಇಲ್ಲದ ಸಾಮಾನ್ಯ ನಾಗರಿಕನೂ ಪರಿಶೀಲಿಸುವಂತಿರಬೇಕು, ಇದು ಹಾಗಿಲ್ಲ, ಹಾಗಾಗಿ ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಬಂತು. ಗಮನಿಸಿ, ಮೋಸ ಆಗಿದೆ ಅಂತ ಹೇಳಲಿಲ್ಲ. ಓಪನ್ ಸೋರ್ಸ್ ಆಗಿದ್ದರೂ ಆ ಪರೀಕ್ಷೆಯಲ್ಲಿ ಪಾಸಾಗುವುದು ಕಷ್ಟ ಇತ್ತು. ಕೋಡ್ ಓದಬಲ್ಲವರು ಊರಿಗೆ ಎಷ್ಟು ಜನ ಸಿಗುತ್ತಾರೆ?

ಹಾಗಂತ ಯಂತ್ರ ಬಿಟ್ಟು ಪೂರ್ತಿ ಬ್ಯಾಲೆಟ್ ಪೇಪರ್‌ಗೆ ವಾಪಸ್ ಹೋಗಬೇಕಾ? ನಮ್ಮ ಕಡೆ ಕಾಗದ ಹಳೆಯ ನೆನಪಲ್ಲ. 2020ರ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಬೀದರ್ ಬಿಟ್ಟು ಉಳಿದೆಲ್ಲ ಕಡೆ ಬ್ಯಾಲೆಟ್ ಪೇಪರೇ ಇತ್ತು. 1978ರಲ್ಲಿ ಇಡೀ ದೇಶ ನೋಡುತ್ತಿದ್ದ ಚಿಕ್ಕಮಗಳೂರಿನ ಲೋಕಸಭಾ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿ ಗೆದ್ದದ್ದೂ ಕಾಗದದ ಮತದಲ್ಲೇ. ಆದರೆ ಕಾಗದಕ್ಕೂ ಅದರದೇ ರೋಗಗಳಿವೆ. ಕುಲಗೆಟ್ಟ ಮತಗಳು, ಬೂತ್ ಹಿಡಿದು ಕಂತೆಗಟ್ಟಲೆ ಠಸ್ಸೆ ಒತ್ತುವುದು, ಮುದ್ರೆ ಎರಡು ಚಿಹ್ನೆಯ ನಡುವೆ ಬಿದ್ದಿದೆ ಅಂತ ಎಣಿಕೆ ಕೇಂದ್ರದಲ್ಲಿ ಜಗಳ. ಯಂತ್ರ ಇವನ್ನು ನಿಜವಾಗಿಯೂ ಕಡಿಮೆ ಮಾಡಿತು. ನನಗೆ ಎರಡೂ ಬೇಕು. ಯಂತ್ರ ಬೇಗ ಎಣಿಸಲಿ, ಕಾಗದ ಅದನ್ನು ಕಾಯಲಿ.

ಒಳ್ಳೆಯ ಸುದ್ದಿ ಏನೆಂದರೆ ಆ ಕಾಗದ ಆಗಲೇ ನಮ್ಮ ಹತ್ತಿರ ಇದೆ. ಅದು ಬರುವುದಕ್ಕೆ ಮೊದಲು, ಕಂಪ್ಯೂಟರ್ ಭದ್ರತೆಯ ಸಂಶೋಧಕರಾದ ಹರಿ ಪ್ರಸಾದ್, ಅಲೆಕ್ಸ್ ಹಾಲ್ಡರ್‌ಮನ್, ರಾಪ್ ಗೊಂಗ್ರೈಪ್ ಮತ್ತು ಜೊತೆಗಾರರು 2010ರಲ್ಲಿ ಆಗಿನ ಒಂದು ಇವಿಎಂ ಬಿಚ್ಚಿ, ಯಂತ್ರ ಕೈಗೆ ಸಿಕ್ಕರೆ ಡಿಸ್‌ಪ್ಲೇ ಬೋರ್ಡನ್ನೇ ಬದಲಿಸಿ ಸುಳ್ಳು ಸಂಖ್ಯೆ ತೋರಿಸಬಹುದು ಅಂತ ತೋರಿಸಿದ್ದರು. ಕೋಡ್ ಮುಟ್ಟಲೇ ಇಲ್ಲ! ಆ ಯಂತ್ರ ಎಲ್ಲಿಂದ ಬಂತು ಅಂತ ಹರಿ ಪ್ರಸಾದ್ ಅವರನ್ನು ಬಂಧಿಸಿದ್ದೂ ಆಯಿತು. 2013ರ ಸೆಪ್ಟೆಂಬರ್‌ನಲ್ಲಿ ನಾಗಾಲ್ಯಾಂಡಿನ ನೋಕ್‌ಸೆನ್ ಉಪಚುನಾವಣೆಯಲ್ಲಿ ವಿವಿಪ್ಯಾಟ್ ಮೊದಲು ಬಂತು. ಮರುತಿಂಗಳು ಸುಪ್ರೀಂ ಕೋರ್ಟ್ ಹಂತಹಂತವಾಗಿ ಎಲ್ಲ ಕಡೆ ತನ್ನಿ ಅಂದಿತು, 2019ರ ಲೋಕಸಭಾ ಚುನಾವಣೆಗೆ ಎಲ್ಲ ಬೂತಿಗೂ ಬಂತು. ಗುಂಡಿ ಒತ್ತಿದಮೇಲೆ ಕಿಟಕಿಯಲ್ಲಿ ಚೀಟಿ ಏಳು ಸೆಕೆಂಡ್ ಕಾಣುತ್ತದೆ. ಯಂತ್ರದ ಲೆಕ್ಕಕ್ಕೂ ಚೀಟಿಯ ಲೆಕ್ಕಕ್ಕೂ ವ್ಯತ್ಯಾಸ ಬಂದರೆ ಚೀಟಿಯೇ ಅಂತಿಮ ಅಂತ ಚುನಾವಣಾ ನಿಯಮ 56ಡಿ ಹೇಳುತ್ತದೆ.

ಕೊರತೆ ಇರುವುದು ಎಣಿಕೆಯಲ್ಲಿ. ಒಂದು ವಿಧಾನಸಭಾ ಕ್ಷೇತ್ರಕ್ಕೆ ಐದೇ ಬೂತಿನ ಚೀಟಿ ಎಣಿಸುತ್ತಾರೆ. ಮೊದಲು ಒಂದೇ ಇತ್ತು, 2019ರಲ್ಲಿ ಸುಪ್ರೀಂ ಕೋರ್ಟ್ ಐದು ಮಾಡಿತು. ಹಾಸನ ಲೋಕಸಭಾ ಕ್ಷೇತ್ರದಲ್ಲಿ ಕಡೂರೂ ಸೇರಿ ಎಂಟು ವಿಧಾನಸಭಾ ಕ್ಷೇತ್ರ ಇವೆ, ಅಂದರೆ ಒಟ್ಟು 40 ಬೂತು. ಯಾವ ಐದು ಅನ್ನುವುದನ್ನು ಅಭ್ಯರ್ಥಿಗಳ ಏಜೆಂಟರ ಎದುರಿಗೆ ಲಾಟರಿ ಎತ್ತಿ ಆರಿಸುತ್ತಾರೆ, ಅದು ಸರಿಯಾದ ಕ್ರಮ. ಕಾಫಿ ಮಾರುವ ಮನೆಯವರಿಗೆ ಇದು ಹೊಸದಲ್ಲ. ಚೀಲಗಳಿಂದ ಸ್ಯಾಂಪಲ್ ತೆಗೆದು, ಎಷ್ಟು ಒಳ್ಳೆಯ ಬೀಜ ಸಿಗುತ್ತದೆ ಅನ್ನುವ ಔಟ್‌ಟರ್ನ್ ನೋಡುವಾಗ ಯಾವ ಚೀಲದಿಂದ ತೆಗೆದರು, ಎಷ್ಟು ತೆಗೆದರು ಅನ್ನುವುದರ ಮೇಲೆಯೇ ಎಲ್ಲ ನಿಂತಿರುತ್ತದೆ.

ಐದು ಸಾಕಾ? ಲೆಕ್ಕ ಹಾಕೋಣ. 2023ರ ವಿಧಾನಸಭಾ ಚುನಾವಣೆಯಲ್ಲಿ ಶೃಂಗೇರಿಯ ಗೆಲುವಿನ ಅಂತರ ಬರೀ 201 ಮತ. ಅಲ್ಲಿ ಯಂತ್ರದಲ್ಲಿ ಏನೋ ಆಯಿತು ಅಂತ ನಾನು ಹೇಳುತ್ತಿಲ್ಲ, ಅಂತರದ ಅಳತೆಗೆ ಮಾತ್ರ ತೆಗೆದುಕೊಳ್ಳಿ. ಒಂದು ಕ್ಷೇತ್ರದಲ್ಲಿ 250 ಬೂತು, ಗೆಲುವಿನ ಅಂತರ 201 ಅಂದುಕೊಳ್ಳಿ. ಐದು ಬೂತಿನಲ್ಲಿ ತಲಾ 21 ಮತ ಒಬ್ಬರಿಂದ ಇನ್ನೊಬ್ಬರಿಗೆ ಹೋದರೆ ಸಾಕು, ಅಂತರ 210 ಬದಲಾಗಿ ಫಲಿತಾಂಶವೇ ತಿರುಗುತ್ತದೆ. ಲಾಟರಿ ಎತ್ತಿ ಆರಿಸಿದ ಐದರಲ್ಲಿ ಆ ಕೆಟ್ಟ ಐದರ ಪೈಕಿ ಒಂದಾದರೂ ಸಿಗುವ ಸಾಧ್ಯತೆ ಸುಮಾರು ಶೇ 10 ಮಾತ್ರ. ಅದೇ ಅಂತರ ದೊಡ್ಡದಿದ್ದು, ಫಲಿತಾಂಶ ತಿರುಗಿಸಲು 50 ಬೂತು ಕೆಡಿಸಬೇಕಾಗಿದ್ದರೆ, ಅದೇ ಐದರ ಸ್ಯಾಂಪಲ್‌ನಲ್ಲಿ ಸಿಕ್ಕಿಬೀಳುವ ಸಾಧ್ಯತೆ ಸುಮಾರು ಶೇ 68. ಪೇಪರ್ ತಗೊಂಡು ನೀವೇ ಮಾಡಿ ನೋಡಿ, ಮೊದಲ ಪಿಯುಸಿಯ ಕಾಂಬಿನೇಷನ್ ಲೆಕ್ಕ.

ಹಾಗಾಗಿ ಎಷ್ಟು ಎಣಿಸಬೇಕು ಅನ್ನುವುದನ್ನು ಗೆಲುವಿನ ಅಂತರವೇ ತೀರ್ಮಾನಿಸಬೇಕು. ಅಂತರ ದೊಡ್ಡದಿದ್ದರೆ ಸ್ವಲ್ಪ ಸಾಕು. ಅಂತರ ನೂರಿನ್ನೂರಕ್ಕೆ ಇಳಿದರೆ ಎಲ್ಲ ಚೀಟಿಯನ್ನೂ ಎಣಿಸಿ. ಫಿಲಿಪ್ ಸ್ಟಾರ್ಕ್ ಅನ್ನುವ ಸಂಖ್ಯಾಶಾಸ್ತ್ರಜ್ಞ ಇದಕ್ಕೆ ಪಕ್ಕಾ ವಿಧಾನ ಕೊಟ್ಟಿದ್ದಾರೆ, ಅಮೆರಿಕದ ಕೊಲರಾಡೊ ರಾಜ್ಯ 2017ರಿಂದ ರಾಜ್ಯಾದ್ಯಂತ ಮಾಡುತ್ತಿದೆ. ನಮ್ಮ ಸುಪ್ರೀಂ ಕೋರ್ಟ್ 2024ರಲ್ಲಿ ನೂರಕ್ಕೆ ನೂರು ಚೀಟಿ ಎಣಿಸಬೇಕು ಅನ್ನುವ ಬೇಡಿಕೆಯನ್ನು ಒಪ್ಪಲಿಲ್ಲ. ಆದರೆ ಚೀಟಿ ಎಣಿಸಲು ಯಂತ್ರ ಬಳಸಬಹುದಾ, ಚೀಟಿ ಮೇಲೆ ಬಾರ್‌ಕೋಡ್ ಹಾಕಬಹುದಾ ಅಂತ ಯೋಚಿಸಿ ಅಂದಿತು. ಎರಡನೇ, ಮೂರನೇ ಸ್ಥಾನ ಬಂದವರು ಏಳು ದಿನದೊಳಗೆ ಕೇಳಿದರೆ ಶೇ 5ರಷ್ಟು ಯಂತ್ರಗಳ ಚಿಪ್‌ಗಳನ್ನು ಪರೀಕ್ಷಿಸುವ ದಾರಿಯನ್ನೂ ತೆರೆಯಿತು. ಈ ಚಿಪ್ ಪರೀಕ್ಷೆಗೆ ಅರ್ಥ ಬರಬೇಕಾದರೆ ಹೋಲಿಸಿ ನೋಡಲು ಎಲ್ಲರಿಗೂ ಗೊತ್ತಿರುವ ಒಂದು ಕೋಡ್ ಇರಬೇಕು. ನಿಮ್ಮ ಓಪನ್ ಸೋರ್ಸ್ ಬೇಡಿಕೆ ನಿಜವಾಗಿ ತೂಕ ಪಡೆಯುವುದು ಈ ಜಾಗದಲ್ಲಿ, ವಾದ ಮಾಡುವಾಗ ಇಲ್ಲಿಂದ ಶುರು ಮಾಡಿ.

ಭಾರತದಲ್ಲಿ ಇವಿಎಂ ತಿರುಚಿ ಚುನಾವಣೆಯ ಫಲಿತಾಂಶ ಬದಲಿಸಿದ್ದು ಇದುವರೆಗೆ ಯಾವ ಕೋರ್ಟಿನಲ್ಲೂ ಸಾಬೀತಾಗಿಲ್ಲ. ಇದನ್ನು ನಿಮ್ಮ ಮನೆಯ ಚರ್ಚೆಯಲ್ಲಿ ಹೇಳಲೇಬೇಕು. ಆದರೆ ಸೋತವರ ಬೆಂಬಲಿಗನಿಗೂ "ಹೌದು, ಸೋತಿದ್ದೇವೆ" ಅಂತ ಒಪ್ಪಿಸುವಷ್ಟು ಪುರಾವೆ ಕೊಡುವುದು ಚುನಾವಣೆ ನಡೆಸುವವರ ಕೆಲಸ. ಗೆದ್ದವರನ್ನು ಒಪ್ಪಿಸುವುದಕ್ಕೆ ಏನೂ ಬೇಕಿಲ್ಲ.

ನೀವು ಏನು ಮಾಡಬಹುದು ಅಂದರೆ, ಮುಂದಿನ ಚುನಾವಣೆಯಲ್ಲಿ ಯಾವುದಾದರೂ ಅಭ್ಯರ್ಥಿಯ ಪೋಲಿಂಗ್ ಏಜೆಂಟ್ ಆಗಿ ಕೂರಿ. ಮತದಾನಕ್ಕೆ ಮುಂಚೆ ಮಾಕ್ ಪೋಲ್ (ಅಣಕು ಮತದಾನ) ಇರುತ್ತದೆ, ಏಜೆಂಟರ ಎದುರಿಗೆ ಕನಿಷ್ಠ 50 ಮತ ಹಾಕಿ ತೋರಿಸಬೇಕು. ಬೆಳಿಗ್ಗೆ ಬೇಗ ಏಳಬೇಕು ಅಂತ ತುಂಬಾ ಏಜೆಂಟರು ತಪ್ಪಿಸಿಕೊಳ್ಳುವುದು ಇದನ್ನೇ. ಅದು ಮುಗಿದಮೇಲೆ ಕ್ಲೋಸ್, ರಿಸಲ್ಟ್, ಕ್ಲಿಯರ್ ಮೂರೂ ಒತ್ತಿದರಾ, ಲೆಕ್ಕ ಸೊನ್ನೆಗೆ ಬಂತಾ, ಮಾಕ್ ಪೋಲ್ ಚೀಟಿಗಳನ್ನು ಪೆಟ್ಟಿಗೆಯಿಂದ ತೆಗೆದರಾ ಅಂತ ನೋಡಿ. 2019ರಲ್ಲಿ ಆಂಧ್ರದ ಮೈದುಕೂರಿನ ಒಂದು ಬೂತಿನಲ್ಲಿ ಯಂತ್ರಕ್ಕೂ ಚೀಟಿಗೂ ತಾಳೆ ಆಗದೆ ಹೋದದ್ದು ಮಾಕ್ ಪೋಲ್ ಲೆಕ್ಕ ಅಳಿಸಲು ಮರೆತಿದ್ದರಿಂದ. ಸಂಜೆ ಮತದಾನ ಮುಗಿದಾಗ ಫಾರಂ 17ಸಿ ಪ್ರತಿ ಕೇಳಿ ಪಡೆಯಿರಿ, ಅದು ಏಜೆಂಟರ ಹಕ್ಕು. ಅದರಲ್ಲಿ ಯಂತ್ರದ ನಂಬರು, ಬಿದ್ದ ಒಟ್ಟು ಮತ ಎರಡೂ ಇರುತ್ತವೆ. ಎಣಿಕೆಯ ದಿನ ಟೇಬಲ್ಲಿಗೆ ಬಂದ ಯಂತ್ರ ಅದೇನಾ, ಒಟ್ಟು ಅಷ್ಟೇನಾ ಅಂತ ಹೋಲಿಸಬೇಕು. ಆಮೇಲೆ ಬೂತ್‌ವಾರು ಫಲಿತಾಂಶದ ಫಾರಂ 20 ಪ್ರಕಟವಾಗುತ್ತದೆ, ಅದರ ಜೊತೆಗೂ ತಾಳೆ ನೋಡಿ. ನಿಮ್ಮ ತಾಲ್ಲೂಕಿನ ಎಲ್ಲ ಬೂತಿನ 17ಸಿ ಫೋಟೋಗಳನ್ನು ಒಟ್ಟುಮಾಡಿ ಫಾರಂ 20ರ ಜೊತೆ ಹೋಲಿಸುವ ಒಂದು ಸಣ್ಣ ಪ್ರೋಗ್ರಾಂ ನಿಮ್ಮ ಕ್ಲಾಸಿನವರು ಬರೆಯಬಹುದು, ಅದನ್ನು ಓಪನ್ ಸೋರ್ಸ್ ಆಗಿಯೇ ಬಿಡಿ.

ದೊಡ್ಡಪ್ಪನಿಗೆ ಒಂದು ವಿಷಯ ತಿಳಿಸಿ. ಗುಂಡಿ ಒತ್ತಿದ ತಕ್ಷಣ ಹೊರಡದೆ ಆ ಏಳು ಸೆಕೆಂಡ್ ಕಿಟಕಿಯನ್ನು ನೋಡಬೇಕು. ಬೇರೆ ಚಿಹ್ನೆ ಬಂದಿದ್ದರೆ ಅಲ್ಲೇ ಅಧಿಕಾರಿಗೆ ಹೇಳಬಹುದು, ನಿಯಮ 49ಎಂಎ ಪ್ರಕಾರ ಬರೆದುಕೊಟ್ಟರೆ ಏಜೆಂಟರ ಎದುರಿಗೆ ಟೆಸ್ಟ್ ವೋಟ್ ಹಾಕಿಸುತ್ತಾರೆ. ದೂರು ಸುಳ್ಳಾದರೆ ಶಿಕ್ಷೆ ಇದೆ. ಕಣ್ಣಾರೆ ತಪ್ಪು ಕಂಡವರೂ ಈ ಹೆದರಿಕೆಗೆ ಬಾಯಿ ಬಿಡುವುದಿಲ್ಲ. ಪ್ರಾಮಾಣಿಕವಾಗಿ ದೂರು ಕೊಟ್ಟವರಿಗೆ ಆ ಶಿಕ್ಷೆಯ ಭಯ ಇರಬಾರದು. ಆ ನಿಯಮ ಬದಲಾಗಬೇಕು ಅನ್ನುವುದನ್ನು ನಿಮ್ಮ ಬೇಡಿಕೆಗಳ ಪಟ್ಟಿಯಲ್ಲಿ ಕೋಡಿಗಿಂತ ಮೇಲೆ ಬರೆದುಕೊಳ್ಳಿ.